'ಫಾಂಡ್ ಆಫ್' ಅಂದರೆ ಬರೀ ಇಷ್ಟವಲ್ಲ

ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಹಿರಿಯರೊಬ್ಬರು ಬರುತ್ತಾರೆ. ಹೊರದೇಶದಲ್ಲಿ ಬೆಳೆಯುತ್ತಿರುವ ಮೊಮ್ಮಗಳ ಜೊತೆ ಮಾತಾಡಬೇಕು ಅನ್ನುವ ಆಸೆ. ಕಳೆದ ವಾರ ಅವರು ಬರೆದ ಸಾಲು: 'ಐ ಫಾಂಡ್ ಆಫ್ ಮೈ ಗ್ರ್ಯಾಂಡ್‌ಡಾಟರ್.' ಬಿಟ್ಟುಹೋಗಿದ್ದದ್ದು ಒಂದೇ ಪದ, 'ಆ್ಯಮ್'.

ತುಂಬ ಜನ ಎಡವುವ ಜಾಗ ಇದು. 'ಲೈಕ್' ಕ್ರಿಯಾಪದ, 'ಫಾಂಡ್' ಗುಣವಾಚಕ. 'ಐ ಆ್ಯಮ್ ಹ್ಯಾಪಿ' ಅನ್ನುತ್ತೀರಿ ಅಲ್ವಾ, ಹಾಗೆಯೇ 'ಐ ಆ್ಯಮ್ ಫಾಂಡ್'. ಅದರ ಬೆನ್ನಿಗೇ 'ಆಫ್' ಬರಬೇಕು. ಓದುವುದು ಇಷ್ಟ ಅನ್ನಲು 'ಫಾಂಡ್ ಆಫ್ ರೀಡಿಂಗ್'. 'ಫಾಂಡ್ ಟು ರೀಡ್' ತಪ್ಪು.

ವ್ಯಾಕರಣ ಇಷ್ಟೇ. ಅರ್ಥದ ವಿಷಯ ಹಾಗಲ್ಲ. ಸುಮ್ನೆ 'ಇಷ್ಟ' ಅಂತ ಬರೆದುಕೊಂಡರೆ ಸಾಲದು. ನಿನ್ನೆ ನೋಡಿದ ಸಿನಿಮಾ ಹಿಡಿಸಿದರೆ 'ಲೈಕ್' ಸಾಕು. 'ಫಾಂಡ್' ಆಗಲು ಒಡನಾಟ ಬೇಕು, ನಾಲ್ಕು ದಿನ ಕಳೆಯಬೇಕು. ಮನುಷ್ಯರ ವಿಷಯದಲ್ಲಿ ಇದಕ್ಕೆ ತೀರಾ ಹತ್ತಿರದ ಕನ್ನಡ ಮಾತು 'ಹಚ್ಚಿಕೊಳ್ಳುವುದು'. ಪಕ್ಕದ ಮನೆಯ ಮಗು ನಿಮ್ಮನ್ನು ಹಚ್ಚಿಕೊಂಡಿದೆ ಅನ್ನುತ್ತೇವಲ್ಲ, ಅದೇ. ಬರಬರುತ್ತಾ ಅವಳನ್ನು ಹಚ್ಚಿಕೊಂಡೆ ಅನ್ನಲು 'ಐ ಗ್ರೂ ಫಾಂಡ್ ಆಫ್ ಹರ್'. ಆದರೆ ಮದುವೆಯಾಗಲು ಬಯಸುವ ಹುಡುಗಿಗೆ 'ಐ ಆ್ಯಮ್ ಫಾಂಡ್ ಆಫ್ ಯೂ' ಅಂದರೆ ಆಕೆಗೆ ಬೇಸರವಾದೀತು. 'ಲವ್'ನ ಕಾವು ಅದರಲ್ಲಿಲ್ಲ.

ಇನ್ನೊಂದು ಬಳಕೆಯೂ ಇದೆ. 'ಹೀ ಈಸ್ ಫಾಂಡ್ ಆಫ್ ಗಿವಿಂಗ್ ಅಡ್ವೈಸ್' ಅಂದರೆ ಹೊಗಳಿಕೆ ಇರಲಿಕ್ಕಿಲ್ಲ. ಕೇಳದಿದ್ದರೂ ಬುದ್ಧಿ ಹೇಳುವ ಚಟ ಅಂತ ಮೆತ್ತಗೆ ಹೇಳಿದ ಹಾಗೆ.

ನನಗೆ ತುಂಬ ಹಿಡಿಸುವುದು ಈ ಪದದ ಹುಟ್ಟು. ಮಧ್ಯಕಾಲದ ಇಂಗ್ಲಿಷಿನಲ್ಲಿ 'ಫಾನ್' ಅಂದರೆ ಪೆದ್ದ. 'ಫಾಂಡ್'ಗೂ ಮೊದಲಿದ್ದ ಅರ್ಥ ಪೆದ್ದುತನದ್ದೇ. ಆಮೇಲೆ ಅದು ಕುರುಡು ಅಕ್ಕರೆಯಾಯಿತು, ಕೊನೆಗೆ ಬರೀ ಅಕ್ಕರೆಯಾಗಿ ಉಳಿಯಿತು. ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. 'ಫಾಂಡ್ ಹೋಪ್' ಅಂದರೆ ಈಗಲೂ ಕೈಗೂಡದ ಹುಚ್ಚು ಆಸೆ. ನಮ್ಮಲ್ಲೂ ಸಂಗೀತದ ಹುಚ್ಚು, ನಾಟಕದ ಹುಚ್ಚು ಅನ್ನುತ್ತೇವಲ್ಲ, ಜಾಡು ಅದೇ.

ಇದನ್ನು ಹೇಳಿದಾಗ ಆ ಹಿರಿಯರ ಮುಖ ಅರಳಿತು. "ನಮ್ಮ ಮನೆಯವರೂ ಹಾಗೇ ಅಂತಾರೆ ಮೇಡಂ, ನಿಮಗೆ ಮೊಮ್ಮಗಳ ಹುಚ್ಚು ಅಂತ" ಎಂದರು. 'ಐ' ಮತ್ತು 'ಫಾಂಡ್' ನಡುವೆ ಇದ್ದ ಚೂರು ಜಾಗದಲ್ಲಿ ಸಣ್ಣಕ್ಷರದಲ್ಲಿ 'ಆ್ಯಮ್' ಸೇರಿಸಿದರು.