ಸ್ವಿಚ್ ಆಫ್ ಮಾಡಿದ್ರೆ ಮಷಿನ್ ನಿಂತಂಗಲ್ಲ

ಪೀಣ್ಯ ಕಡೆ ಪ್ರೆಸ್ ಶಾಪ್‌ಗಳಲ್ಲಿ, ಅಂದ್ರೆ ತಗಡು ಒತ್ತಿ ಪಾರ್ಟ್ ಮಾಡೋ ಕಡೆ, ಮೇಂಟೆನೆನ್ಸ್ ನೋಡ್ಕೊಂಡು ತುಂಬ ವರ್ಷ ಆಯ್ತು. ಬೆರಳು ಹೋದ ಕೇಸು ಯಾವ್ದೇ ಬರ್ಲಿ ನಾನು ಮೊದ್ಲು ಕೇಳೋದು ಒಂದೇ, ಆಗ ಮೈನ್ ಸ್ವಿಚ್ಚಿಗೆ ಹಾಕೋ ಬೀಗದ ಕೀ ಯಾರ ಜೇಬಲ್ಲಿತ್ತು? ಸಾಮಾನ್ಯವಾಗಿ ಬರೋ ಉತ್ತರ, ಬೀಗಾನೇ ಹಾಕಿರ್ಲಿಲ್ಲ ಸಾರ್.

ಒಂದು ಕಡೆ ಪ್ರೆಸ್ಸಿನ ಡೈನಲ್ಲಿ, ಅಂದ್ರೆ ತಗಡಿಗೆ ಆಕಾರ ಕೊಡೋ ಅಚ್ಚಲ್ಲಿ, ಸ್ಕ್ರ್ಯಾಪ್ ಸಿಕ್ಕಾಕ್ಕೊಂಡಿತ್ತು. ಫಿಟ್ಟರ್ "ಆಫ್ ಮಾಡಿದ್ಯೇನೋ" ಅಂತ ಕೂಗಿದ, ಹೆಲ್ಪರ್ ಹುಡುಗ "ಹ್ಞೂಂ ಅಣ್ಣ" ಅಂದ. ಮಾಡಿದ್ದು ನಿಜಾನೇ, ಆದ್ರೆ ಮೋಟ್ರು ನಿಂತ್ರೂ ಫ್ಲೈವೀಲ್ ಅನ್ನೋ ಭಾರಿ ಚಕ್ರ ಇನ್ನೂ ಸುತ್ತುತಾನೇ ಇತ್ತು, ಹಳೇ ಪಿನ್ ಕ್ಲಚ್ ಪ್ರೆಸ್ಸು ಬೇರೆ, ಆ ತರ ಕ್ಲಚ್ ಒಂದ್ಸಲ ಹಿಡೀತು ಅಂದ್ರೆ ಪೂರ್ತಿ ಒಂದು ಸುತ್ತು ಮುಗಿಸೋ ತನಕ ಬಿಡಲ್ಲ. ಪೆಡಲ್‌ಗೆ ಕಾಲು ತಾಗ್ತು, ಕ್ಲಚ್ ಹಿಡೀತು, ಮೇಲಿಂದ ತಗಡು ಒತ್ತೋ ಭಾಗ ಇದ್ಯಲ್ಲ, ರ‍್ಯಾಮ್ ಇಳೀತು. ಎರಡು ಬೆರಳು. ರಿಪೋರ್ಟಲ್ಲಿ "ಕಾರ್ಮಿಕನ ಅಜಾಗರೂಕತೆ" ಅಂತ ಬರೆದ್ರು, ಆ ಪದ ಕಂಡ್ರೆ ನಂಗೆ ಈಗ್ಲೂ ಮೈ ಉರಿಯತ್ತೆ.

ಕರೆಂಟ್ ತೆಗೆದ್ರೂ ಮಷಿನ್ ಒಳಗೆ ಶಕ್ತಿ ಉಳ್ಕೊಂಡಿರತ್ತೆ, ಸಿಲಿಂಡರಲ್ಲಿ ಗಾಳಿ ಪ್ರೆಶರ್ರು, ಹೈಡ್ರಾಲಿಕ್ ಮೇಲೆ ನಿಂತಿರೋ ಭಾರ, 415 ವೋಲ್ಟ್ ಲೈನಿನ ಡ್ರೈವ್ (ಮೋಟ್ರ ವೇಗ ಹಿಡಿಯೋ ಪೆಟ್ಟಿಗೆ) ಆದ್ರೆ ಅದರ ಒಳಗೆ ಕರೆಂಟ್ ಕೂಡಿಟ್ಕೊಳ್ಳೋ ಕೆಪಾಸಿಟರಲ್ಲಿ ಸುಮಾರು 580 ವೋಲ್ಟ್ ಡೀಸಿ, ಅದು ಇಳಿಯಕ್ಕೆ ನಿಮಿಷಗಟ್ಲೆ ಬೇಕು. ಎಮರ್ಜೆನ್ಸಿ ಬಟನ್ ಒತ್ತಿದೀವಲ್ಲ ಅಂತಾರೆ, ಅದು ಸಾಮಾನ್ಯವಾಗಿ ಕಂಟ್ರೋಲ್ ಸರ್ಕ್ಯೂಟ್ ಕಟ್ ಮಾಡತ್ತೆ ಅಷ್ಟೆ, ಪ್ಯಾನೆಲ್ ಒಳಗೆ ಮೈನ್ ಲೈವಾಗೇ ಇರತ್ತೆ.

1948ರ ಫ್ಯಾಕ್ಟರೀಸ್ ಆ್ಯಕ್ಟ್ 22ನೇ ಸೆಕ್ಷನ್ನಲ್ಲೇ ಇತ್ತು, ಓಡ್ತಿರೋ ಮಷಿನ್ ಹತ್ರ ಅನಿವಾರ್ಯವಾಗಿ ಕೆಲಸ ಮಾಡ್ಬೇಕಾದ್ರೆ ವಿಶೇಷ ತರಬೇತಿ ಆದವನೇ ಮಾಡ್ಬೇಕು, ಮೈಗೆ ಅಂಟೋ ಬಟ್ಟೆ ಮಾಲೀಕರೇ ಕೊಡ್ಬೇಕು, ಹೆಸ್ರು ರಿಜಿಸ್ಟರಲ್ಲಿರ್ಬೇಕು ಅಂತ. ಅಮೆರಿಕದಲ್ಲಿ 1989ರಲ್ಲಿ ಬೀಗ ಹಾಕೋದಕ್ಕೇ ಒಂದು ರೂಲ್ ತಂದ್ರು. ಅದ್ರಲ್ಲಿ ಕಷ್ಟದ್ದೇನಿಲ್ಲ, ಕೆಲಸಕ್ಕೆ ಇಳಿಯೋ ಪ್ರತಿಯೊಬ್ಬನೂ ಮೈನ್‌ಗೆ ತನ್ನ ಬೀಗ ಹಾಕಿ ಕೀ ತಾನೇ ಇಟ್ಕೊಳ್ಳೋದು, ಗಾಳಿ ಬಿಡೋದು, ಫ್ಲೈವೀಲ್ ನಿಲ್ಲೋ ತನಕ ಕಾಯೋದು, ರ‍್ಯಾಮ್ ಕೆಳಗೆ ಬ್ಲಾಕ್ ಕೊಡೋದು, ಆಮೇಲೆ ಮಷಿನ್ ಓಡಲ್ಲ ತಾನೇ ಅಂತ ಸ್ಟಾರ್ಟ್ ಬಟನ್ ಒತ್ತಿ ನೋಡೋದು. ಈ ಕೊನೇದನ್ನ ಮಾಡೋರೇ ಕಮ್ಮಿ.

ಬೆರಳು ಹೋದ ಆ ಫ್ಯಾಕ್ಟರಿಲಿ ಆಮೇಲೆ ಆರು ಬೀಗ ತಂದ್ರು. ಹೋದ್ ತಿಂಗ್ಳು ನೋಡಿದ್ರೆ ಆರಕ್ಕೂ ಡೂಪ್ಲಿಕೇಟ್ ಕೀ ಪ್ರೊಡಕ್ಷನ್ ಸೂಪರ್‌ವೈಸರ್ ಡ್ರಾಯರಲ್ಲಿ. "ಅರ್ಜೆಂಟಿಗೆ ಬೇಕಾಗತ್ತಲ್ಲ ಸಾರ್" ಅಂದ ಪುಣ್ಯಾತ್ಮ. ಗೊಂಚಲೇ ಎತ್ಕೊಂಡು ಬಂದ್ಬಿಟ್ಟೆ.