ಮನೆಯ ವರ್ಕ್‌ಶಾಪಿಗೆ ಯಾವ ನೆಲ ಒಳ್ಳೆಯದು?

ಪ್ರಶ್ನೆ: ಸಿಂಧನೂರಿನ ನಮ್ಮ ಮನೆಯ ಹಿತ್ತಲಲ್ಲಿ 10 ಅಡಿ ಅಗಲ, 14 ಅಡಿ ಉದ್ದದ ಕೋಣೆ ಕಟ್ಟಿಸುತ್ತಿದ್ದೇನೆ. ಅಲ್ಲಿ ಹೆಚ್ಚಾಗಿ ಬಡಗಿ ಕೆಲಸ, ಆಗಾಗ ಸ್ವಲ್ಪ ವೆಲ್ಡಿಂಗ್ ನಡೆಯುತ್ತದೆ. ನೆಲಕ್ಕೆ ಟೈಲ್ಸ್ ಹಾಕಿಸಬೇಕೋ, ಫರಸಿ ಹಾಸಬೇಕೋ, ಕಾಂಕ್ರೀಟ್ ಸಾಕೋ?

ಉತ್ತರ: ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ನೆಲವೇ ನಿಮ್ಮ ಕೆಲಸಕ್ಕೆ ತಕ್ಕದ್ದು. ಆದರೆ ಅದರ ಬಾಳಿಕೆಯನ್ನು ಅಡಿಯಲ್ಲಿರುವ ಮಣ್ಣು ನಿರ್ಧರಿಸುವುದರಿಂದ ಮೊದಲು ಮಣ್ಣಿನ ವಿಚಾರ ಹೇಳುತ್ತೇನೆ. ನಿಮ್ಮ ಭಾಗದ ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ; ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಕಡೆಗಳಲ್ಲಿ ನೆಲದ ತೇವವೂ ಹೆಚ್ಚು. ಪಾಯ ತೋಡಿದಾಗ ಬಂದ ಅದೇ ಮಣ್ಣನ್ನು ಕೋಣೆಯೊಳಗೆ ತುಂಬುವ ರೂಢಿಯಿದೆ. ಖರ್ಚು ಉಳಿಯುತ್ತದೆಂದು ಅದಕ್ಕೆ ದಯವಿಟ್ಟು ಒಪ್ಪಬೇಡಿ. ಒಳಗಿನ ಎರೆಯನ್ನು ಎರಡು ಅಡಿಯಾದರೂ ತೆಗೆಸಿ, ಗರಸು (ಕಲ್ಲು ಬೆರೆತ ಒರಟು ಮಣ್ಣು) ತುಂಬಿಸಿ, ಆರು ಇಂಚಿನ ಪದರಕ್ಕೊಮ್ಮೆ ನೀರು ಚಿಮುಕಿಸಿ ಧಮ್ಮಸು ಹೊಡೆಸಿರಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಕೆಳಗಿನ ತೇವ ಮೇಲೇರಿ ಮರದ ಹಲಗೆಗಳನ್ನೂ ಉಪಕರಣಗಳನ್ನೂ ಕೆಡಿಸುವುದು ತಪ್ಪುತ್ತದೆ.

ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ ಸಾಕು. ನಿಮ್ಮ ಕೋಣೆಗೆ ಸುಮಾರು 11 ಚೀಲ ಸಿಮೆಂಟ್ ಹಿಡಿಯುತ್ತದೆ. ಕಾಂಕ್ರೀಟ್ ಒಣಗುತ್ತಾ ಕುಗ್ಗುವುದರಿಂದ 14 ಅಡಿಯ ನಡುವೆ ಅಡ್ಡಲಾಗಿ ಒಂದು ಇಂಚು ಆಳದ ಗೀರು ಕೊಯ್ಸಿದರೆ, ಬಿರುಕು ಕಂಡಕಂಡಲ್ಲಿ ಓಡದೆ ಆ ಗೀರಿನಲ್ಲಿಯೇ ಅಡಗುತ್ತದೆ. ಮೇಲೆ ಒಸರಿದ ನೀರು ಆರುವ ಮೊದಲೇ ಗೌಂಡಿಗಳು ಸಿಮೆಂಟ್ ಪುಡಿ ಉದುರಿಸಿ ನುಣುಪು ಮಾಡುವುದುಂಟು. ಅಂಥ ನೆಲ ಮೊದಲು ಚೆಂದ ಕಂಡರೂ ಕ್ರಮೇಣ ಸಿಪ್ಪೆಯೇಳುತ್ತದೆ, ಗುಡಿಸಿದಷ್ಟೂ ಧೂಳು ಬಿಡುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಕೆಲಸ ಬಂದರೆ ಬೆಳಗಿನ ಜಾವವೇ ಕಾಂಕ್ರೀಟ್ ಹಾಕಿಸಿ, ಗೋಣಿತಟ್ಟು ಮುಚ್ಚಿ, ಹತ್ತು ದಿನ ಅದು ಒಣಗದಂತೆ ನೀರು ಉಣಿಸಿರಿ. ಇಡೀ ಕೆಲಸದಲ್ಲಿ ಜನ ಹೆಚ್ಚು ಉದಾಸೀನ ಮಾಡುವ ಹಂತ ಇದೇ, ನೆಲಕ್ಕೆ ಗಟ್ಟಿತನ ಬರುವುದೂ ಇಲ್ಲಿಯೇ.

ಟೈಲ್ಸ್ ಬೇಡವೆನ್ನಲು ಕಾರಣ ಸರಳ: ಸುತ್ತಿಗೆ ಬಿದ್ದರೆ ಒಡೆಯುತ್ತವೆ, ನುಣುಪಾದವುಗಳ ಮೇಲೆ ಮರದ ಹೊಟ್ಟು ಬಿದ್ದರೆ ಕಾಲು ಜಾರುತ್ತದೆ. ಶಹಾಬಾದ್ ಫರಸಿ ಎರಡನೆಯ ಆಯ್ಕೆ. ದಪ್ಪ ಫರಸಿಯನ್ನು ಗಾರೆಯಲ್ಲಿ ಎಲ್ಲಿಯೂ ಪೊಳ್ಳು ಉಳಿಯದಂತೆ ಕೂರಿಸಿದರೆ ಅದು ಬಹಳ ಕಾಲ ಬಾಳುತ್ತದೆ, ಒಡೆದರೆ ಒಂದನ್ನೇ ಕಿತ್ತು ಬದಲಿಸಬಹುದು. ಅದು ಸುಣ್ಣದ ಕಲ್ಲಾದ್ದರಿಂದ ಬ್ಯಾಟರಿಯ ಆ್ಯಸಿಡ್ ಚೆಲ್ಲಿದರೆ ಕೊರೆಯುತ್ತದೆ. ಕಾಂಕ್ರೀಟಿಗೂ ಆ್ಯಸಿಡ್ ಆಗದು, ಹಾಗಾಗಿ ಬ್ಯಾಟರಿಯನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಡಿ.

ಬಹಳ ಹೊತ್ತು ನಿಂತು ಕೆಲಸ ಮಾಡುವ ಮೇಜಿನ ಮುಂದೆ ರಬ್ಬರ್ ಮ್ಯಾಟ್ ಹಾಕಿಕೊಂಡರೆ ಮೊಣಕಾಲಿಗೆ ಹಿತ. ವೆಲ್ಡಿಂಗ್ ಮಾಡುವ ಮುನ್ನ ಅದನ್ನು ಹೊರಗಿಟ್ಟು, ಮರದ ಹೊಟ್ಟನ್ನು ಮೂಲೆಗಳಿಂದಲೂ ಗುಡಿಸಿ ತೆಗೆಯಿರಿ. ಕಿಡಿಯೊಂದು ಹೊಟ್ಟಿನೊಳಗೆ ಸೇರಿದರೆ ಗಂಟೆಗಳ ನಂತರವೂ ಬೆಂಕಿ ಏಳಬಹುದು.