‘ಇತರೆ’ ಎಂದು ಬರೆದ ಪೆಟ್ಟಿಗೆ

ಮಾಹಿಮ್‌ನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದ ಉಡುಪಿ ಕಡೆಯ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ಎರಡು ರಟ್ಟಿನ ಪೆಟ್ಟಿಗೆ ಹೊರಿಸಿಕೊಂಡು, ಹಳೆಯ ಕಾಗದಪತ್ರ ಕಾದಿಡುವ ನನ್ನ ಕಚೇರಿಗೆ ಬಂದರು. 1992-93ರ ಗಲಭೆಯ ಬಳಿಕ ಮುಂಬಯಿಯಲ್ಲಿ ಹುಟ್ಟಿದ, ಹಿಂದೂ-ಮುಸ್ಲಿಂ ನೆರೆಹೊರೆಯವರು ಶಾಂತಿಗಾಗಿ ಒಟ್ಟಿಗೆ ಕೂರುವ ಮೊಹಲ್ಲಾ ಸಮಿತಿಗಳಲ್ಲೊಂದು ಇವರ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತಂತೆ. “ಇದ್ರಲ್ಲಿ ಎಂತ ಉಂಟು ಮಾರಾಯ್ರೇ, ಬರೀ ಚಾದ ಬಿಲ್ಲು. ರದ್ದಿಯವ ಎರಡು ಸಲ ಬಂದು ಕೇಳಿ ಹೋದ.”

ರದ್ದಿಯವನಿಗಿಂತ ನಾನು ಮೊದಲಾದದ್ದು ಅದೃಷ್ಟ. ಹೊಡೆದಾಡಿದವರ ಕಾಗದ ಹೇಗೋ ಉಳಿಯುತ್ತದೆ. ಪೊಲೀಸರು ಜಪ್ತಿ ಮಾಡುತ್ತಾರೆ, ಕೋರ್ಟು ನಂಬರು ಹಾಕುತ್ತದೆ, ಆಯೋಗ ಓದುತ್ತದೆ. ಮುಂಬಯಿ ಗಲಭೆಯಲ್ಲಿ 900 ಮಂದಿ ಸತ್ತರೆಂದು ಅದರ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗದ 1998ರ ವರದಿ ಹೇಳುತ್ತದೆ. ಆದರೆ ಗಲಾಟೆ ಆಗದೆ ಹೋದ ರಾತ್ರಿಗೆ ಪಂಚನಾಮೆ ಎಲ್ಲಿಂದ ಬರಬೇಕು?

ಈ ವಿಷಯದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನವರು ಬೇಗ ಎಚ್ಚೆತ್ತರು. 1968ರಲ್ಲಿ ಅಲ್ಲಿನ ಲಿನನ್ ಹಾಲ್ ಗ್ರಂಥಾಲಯದ ಜಿಮ್ಮಿ ವಿಟ್ಟಿ ಅವರಿಗೆ ಬಾರೊಂದರಲ್ಲಿ ಯಾರೋ ನಾಗರಿಕ ಹಕ್ಕುಗಳ ಕರಪತ್ರ ಕೊಟ್ಟರು. ಅವರು ಅದನ್ನು ಎಸೆಯದೆ ತಂದಿಟ್ಟರು. ಆಮೇಲೆ ಎಲ್ಲ ಬಣದವರ ಕಾಗದವೂ ಅಲ್ಲಿ ಸೇರುತ್ತಾ ಹೋಗಿ ಇಂದು ಎರಡೂವರೆ ಲಕ್ಷಕ್ಕೂ ಮಿಕ್ಕಿದೆ. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಒಟ್ಟಿಗೆ ಕೂತ ನ್ಯೂ ಅಲ್‌ಸ್ಟರ್ ಮೂವ್‌ಮೆಂಟ್ ಎಂಬ ಸಂಘಟನೆ 1969ರಲ್ಲಿ ಹುಟ್ಟಿತು. ಅದರಲ್ಲಿದ್ದ ಹಲವರು 1970ರಲ್ಲಿ ಅಲಯನ್ಸ್ ಪಕ್ಷ ಕಟ್ಟಿದರು. ಬ್ರಿಟನ್ನಿನಲ್ಲೇ ಉಳಿಯಬೇಕೋ ಐರ್ಲೆಂಡ್ ಸೇರಬೇಕೋ ಎಂದು ನಡೆದು 3,500ಕ್ಕೂ ಹೆಚ್ಚು ಜೀವ ತೆಗೆದ ಸಂಘರ್ಷದ ನಡುವೆ ಅಧಿಕಾರ ಹಂಚಿಕೊಳ್ಳೋಣ ಎಂದವರು ಇವರು. 1974ರಲ್ಲಿ ಎರಡೂ ಕಡೆಯವರು ಅಧಿಕಾರ ಹಂಚಿಕೊಂಡು ನಡೆಸಿದ ಸರ್ಕಾರ ಐದು ತಿಂಗಳೂ ತುಂಬದೆ ಮುಷ್ಕರಕ್ಕೆ ಬಿತ್ತು.

ನನಗೆ ಹೆಚ್ಚು ಕುತೂಹಲ ಅಲಯನ್ಸಿನವರ ಮೇಲೆ ಬಿದ್ದ ಮೊಹರಿನದು. ಅಲ್ಲಿನ ಶಾಸನಸಭೆಯ ಸದಸ್ಯರು ತಾವು ಬ್ರಿಟನ್ ಪರವೋ ಐರಿಷ್ ರಾಷ್ಟ್ರೀಯವಾದಿಯೋ ಎಂದು ಬರೆದುಕೊಡಬೇಕು. ಎರಡೂ ಅಲ್ಲದವರು ‘ಇತರೆ’. ಮುಖ್ಯ ನಿರ್ಣಯಗಳಿಗೆ ಎರಡೂ ಕಡೆಯ ಬೆಂಬಲದ ಲೆಕ್ಕ ಬೇಕಾದಾಗ ಇತರೆಯವರ ಮತಕ್ಕೆ ಆ ತೂಕವಿಲ್ಲ. 2001ರಲ್ಲಿ ಬ್ರಿಟನ್ ಪರ ಪಕ್ಷದ ನಾಯಕ ಡೇವಿಡ್ ಟ್ರಿಂಬಲ್ ಮತ್ತೆ ಪ್ರಥಮ ಮಂತ್ರಿ ಆಗಲೆಂದು ಅಲಯನ್ಸಿನ ಮೂವರು ಆ ಮತದಾನದ ಮಟ್ಟಿಗೆ ‘ಬ್ರಿಟನ್ ಪರ’ ಎಂದು ಬರೆದುಕೊಟ್ಟರು!

ನಮ್ಮ ಸೂಚಿಪಟ್ಟಿಯಲ್ಲೂ ಇದೇ ಗೋಳು. ಹಿಂದೂ ಸಂಘಟನೆಗಳು, ಮುಸ್ಲಿಂ ಸಂಘಟನೆಗಳು, ಉಳಿದದ್ದೆಲ್ಲ ‘ಇತರೆ’. ಆ ಶೀರ್ಷಿಕೆಯಡಿ ಹೋದ ಪೆಟ್ಟಿಗೆಯನ್ನು ಯಾರೂ ಕೇಳಿ ಪಡೆಯುವುದಿಲ್ಲ. ಸಮಿತಿಯ ಹೆಸರು, ಗಲ್ಲಿಯ ಹೆಸರು ಬರೆಯಿರಿ ಎಂದು ಕಿರಿಯರಿಗೆ ಹೇಳಿ ಹೇಳಿ ಸಾಕಾಗಿದೆ.

ಇನ್ನು ಆ ಚಾದ ಬಿಲ್ಲು. ಸಭೆಯ ನಡಾವಳಿ ಪುಸ್ತಕದಲ್ಲಿ ‘ಎಲ್ಲರೂ ಹಾಜರು’ ಎಂದಿದೆ; ಅದೇ ಸಂಜೆಯ ಬಿಲ್ಲಿನಲ್ಲಿ ಆರೇ ಚಾ. ಇನ್ನೊಂದು ಕಡೆ ‘ವೇಳೆ ಏಳಕ್ಕೆ ಬದಲಿಸಲಾಯಿತು’ ಎಂದಷ್ಟೇ ಇದೆ, ಕಾರಣವಿಲ್ಲ. ಬಿಲ್ಲು ತಿರುವಿದರೆ ಖರ್ಜೂರ ಒಂದು ಕಿಲೋ, ಬಾಳೆಹಣ್ಣು ಎರಡು ಡಜನ್. ರಂಜಾನ್ ತಿಂಗಳು. ಠರಾವಿಗಿಂತ ಈ ಖರ್ಜೂರವನ್ನು ನಾನು ಹೆಚ್ಚು ನಂಬುತ್ತೇನೆ. ಅದಕ್ಕೇ ಕಾಗದ ಕಟ್ಟಿದ ಕ್ರಮ ಕೆಡಿಸಬಾರದು: ಬಿಲ್ಲುಗಳನ್ನೆಲ್ಲ ಆರಿಸಿ ಬೇರೆ ಇಟ್ಟರೆ ಯಾವ ಸಭೆಗೆ ಯಾವ ಬಿಲ್ಲು ಎಂಬುದೇ ಅಳಿಸಿಹೋಗುತ್ತದೆ. ತುಕ್ಕು ಹಿಡಿದ ಪಿನ್ನು ಮಾತ್ರ ತೆಗೆಯಿರಿ, ಈ ಊರಿನ ಉಪ್ಪುಗಾಳಿ ಅದನ್ನು ಬಿಡುವುದಿಲ್ಲ. ಆ ಕಾಲದ ಫ್ಯಾಕ್ಸ್ ಹಾಳೆ ಸಿಕ್ಕರೆ ಅಂದೇ ಜೆರಾಕ್ಸ್ ಮಾಡಿ. ಅಕ್ಷರ ಮಾಸುತ್ತಾ ಇರುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ.

ಪೆಟ್ಟಿಗೆಯ ತಳದಲ್ಲೊಂದು ಸಣ್ಣ ಡೈರಿ ಇತ್ತು. ಯಾರ ಮಗ ಎಸೆಯಲೆಂದು ಎಲ್ಲಿ ಬಾಟಲಿ ಕೂಡಿಟ್ಟಿದ್ದ, ಅದನ್ನು ಯಾರು ಬಂದು ಹೇಳಿದರು ಎಲ್ಲ ಹೆಸರು ಸಮೇತ. ಬಾಸ್ಟನ್ ಕಾಲೇಜಿನವರು ಐರ್ಲೆಂಡಿನ ಮಾಜಿ ಬಂದೂಕುಧಾರಿಗಳ ಮಾತನ್ನು ‘ನೀವು ಬದುಕಿರುವವರೆಗೆ ಗುಟ್ಟು’ ಎಂದು ಮಾತು ಕೊಟ್ಟು ಧ್ವನಿಮುದ್ರಿಸಿದ್ದರು. 2011ರಲ್ಲಿ ಅವಕ್ಕಾಗಿ ಕೋರ್ಟಿನ ಸಮನ್ಸ್ ಬಂತು, ಕೆಲವು ಟೇಪುಗಳು ಪೊಲೀಸರ ಕೈ ಸೇರಿದವು. ಹಾಗಾಗಿ ನಾನು ಯಾರಿಗೂ ಗುಟ್ಟಿನ ಭರವಸೆ ಕೊಡುವುದಿಲ್ಲ. ಡೈರಿಯನ್ನು ಅವರಿಗೇ ವಾಪಸು ಕೊಟ್ಟು, ಮನೆಯವರೊಡನೆ ಮಾತಾಡಿ ತೀರ್ಮಾನಿಸಿ ಅಂದೆ.

ಮುಂದಿನ ವಾರ ಫೋನು ಬಂತು. ಡೈರಿಯ ಸುದ್ದಿ ಎತ್ತಲಿಲ್ಲ. “ಆ ವರ್ಷದ ಹಾಲಿನ ಲೆಕ್ಕದ ಪುಸ್ತಕ ಒಂದು ಉಂಟು, ಬೇಕಾ?”

ತನ್ನಿ ಅಂದೆ.